ದೋಣಿ ಹತ್ತಿದವನು

"ಇವ ನನ್ನ ಮಗ ಅಲ್ಲ."

ಮುಂಡಪ್ಪ ಶೆಟ್ಟರು ಚಿಮುಟದಲ್ಲಿ ಎತ್ತಿ ಹಿಡಿದದ್ದು ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಪ್ಲಾಸ್ಟಿಕ್ ಗೊಂಬೆ. ನೀಲಿ ಅಂಗಿ, ಕಪ್ಪು ಪ್ಯಾಂಟು. ನಿಖಿತಾ ಅದನ್ನು ಅಂಗೈಗೆ ಇಳಿಸಿಕೊಂಡು ಭೂತಗನ್ನಡಿ ಹಿಡಿದಳು.

"ನಿನ್ನೆ ಫೋನಿನಲ್ಲಿ ಗೊಂಬೆ ಕಳವಾಗಿದೆ ಅಂದ್ರಿ. ಇಲ್ಲಿ ನೋಡಿದ್ರೆ ಗೊಂಬೆ ಉಂಟಲ್ಲ?"

"ಉಂಟು. ಆದ್ರೆ ಇದು ಬೇರೆ. ನನ್ನ ಉಜ್ವಲನದ್ದಕ್ಕೆ ನಾನೇ ಕೂತು ಬಣ್ಣ ಹಾಕಿದ್ದು. ಅವ ಬಲಗೈ ಹೀಗೆ ಕಂಬಿಯ ಮೇಲೆ ಇಟ್ಟು ನಿಲ್ತಿದ್ದ. ಇವನ ಕೈ ನೋಡಿ, ಜೇಬಿನಲ್ಲಿ. ಯಾರೋ ಅದನ್ನು ತೆಗ್ದು ಇದನ್ನು ನಿಲ್ಲಿಸಿದ್ದಾರೆ. ನಾಳೆ ಬೆಳಿಗ್ಗೆ ಮುಹೂರ್ತ ಅಮ್ಮ. ಅದರೊಳಗೆ ನನ್ನ ಹುಡುಗನನ್ನು ಹುಡ್ಕಿಕೊಡಿ."

ಏಳು ವರ್ಷದ ಹಿಂದೆ ಕೊಲ್ಲಿಯ ಸಮುದ್ರದಲ್ಲಿ ಮುಳುಗಿದ ಹಡಗಿನ ಜೊತೆ ಹೋದವನು ಉಜ್ವಲ್. ಹೆಣ ಸಿಗಲಿಲ್ಲ. ನಾಳೆಯ ಮುಹೂರ್ತ ಅವನ ಮದುವೆಯದು.

ಲಾಯಿಲದ ನಿಖಿತಾ ವಿಮಾ ಕಂಪನಿಗಳಿಗೆ ಪತ್ತೇದಾರಿಕೆ ಮಾಡಿ ಹೊಟ್ಟೆ ಹೊರೆಯುವವಳು. ತಾನೇ ಬೆಂಕಿ ಹಚ್ಚಿಕೊಂಡ ಅಂಗಡಿ, ಹೊಳೆಗೆ ನೂಕಿದ ಕಾರು, ಇಂಥವುಗಳ ಬೆನ್ನು ಹತ್ತಿ ಓಡಾಡಿದವಳಿಗೆ ಯಾವುದನ್ನೂ ಸುಲಭಕ್ಕೆ ನಂಬುವ ಅಭ್ಯಾಸವಿರಲಿಲ್ಲ. ಆದರೆ ಕುಲೆ ಮದುವೆ ಎಂದಾಗ ಅವಳು ನಗುವವಳಲ್ಲ. ಮದುವೆಯಾಗದೆ ಸತ್ತವರು ಕುಲೆಗಳಾಗಿ, ಪ್ರೇತಗಳಾಗಿ, ಆ ಕಡೆಯಲ್ಲೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಕೇಳುತ್ತಾರೆ. ಅದನ್ನು ಮಾಡದಿದ್ದರೆ ಬದುಕಿರುವ ತಮ್ಮನಿಗೆ ಹೆಣ್ಣು ಕೂಡಿಬರುವುದಿಲ್ಲ. ಉಜ್ವಲನ ತಮ್ಮ ರಂಜಿತನಿಗೆ ಬಂದ ಸಂಬಂಧಗಳೆಲ್ಲ ಕೊನೇ ಗಳಿಗೆಯಲ್ಲಿ ತಪ್ಪಿಹೋಗಿ, ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿಸಿದಾಗ ಅಣ್ಣನ ಮಾತು ಬಂತು. ಸತ್ತವರು ಮನೆಗೆ ಬರುವ ಮಳೆಗಾಲದ ಆಟಿ ತಿಂಗಳು ಬಂದೊಡನೆ ಶೆಟ್ಟರು ಹೆಣ್ಣು ಹುಡುಕಿದರು. ನಾರಾವಿಯ ವಿಸ್ಮಿತಾ. ಅಂಗನವಾಡಿಗೆ ಹೋಗುವ ಪ್ರಾಯದಲ್ಲಿ ಜ್ವರ ಬಂದು ತೀರಿಕೊಂಡವಳು, ಇದ್ದಿದ್ದರೆ ಈಗ ಮದುವೆಯ ವಯಸ್ಸು.

ಇಂಥ ಮದುವೆಯಲ್ಲಿ ಬೇರೆಯವರು ಕುರ್ಚಿಯ ಮೇಲೆ ಪಂಚೆ, ಶಾಲು ಇಟ್ಟು ಅದನ್ನೇ ಮದುಮಗ ಎನ್ನುತ್ತಾರೆ. ಶೆಟ್ಟರಿಗೆ ಅಷ್ಟು ಸಾಲದು. ಮಗನ ಬೊಜ್ಜವನ್ನೂ, ಉತ್ತರಕ್ರಿಯೆಯನ್ನೂ, ಹೆಣವಿಲ್ಲದೆ ಮಾಡಿದವರು ಅವರು. ಮದುವೆಯ ಮಣೆಯ ಮೇಲಾದರೂ ಮಗ ಕಾಣಬೇಕು, ಆ ಗೊಂಬೆಯ ರೂಪದಲ್ಲಾದರೂ.

ನಿಖಿತಾ ಹಾಲ್‌ನ ಸುತ್ತ ಕಣ್ಣಾಡಿಸಿದಳು. ಬಂಟ್ವಾಳದ ಪೇಟೆಯ ಬೆನ್ನಿಗೆ, ನೇತ್ರಾವತಿಗೆ ಮುಖ ಮಾಡಿದ ಮಹಡಿ. ಮಸ್ಕತ್‌ನಲ್ಲಿ ಹೋಟೆಲು ನಡೆಸಿ ಬಂದ ಶೆಟ್ಟರು ಇದನ್ನು ಕಟ್ಟಿಸಿದ್ದು ಟೈಟಾನಿಕ್ ಹಡಗಿಗಾಗಿ. ಒಂದಲ್ಲ, ನೂರಾರು. ಹಿತ್ತಾಳೆಯದು, ಬೀಟೆ ಮರದ್ದು, ಬಾಟಲಿಯೊಳಗೆ ತೂರಿಸಿದ್ದು, ಮಕ್ಕಳು ಸ್ನಾನದ ಬಕೆಟ್ಟಿನಲ್ಲಿ ತೇಲಿಸುವ ರಬ್ಬರಿನದು. ನಡುವೆ ಮುರಿದು ಎರಡಾದದ್ದು, ಮೂತಿ ನೀರಿಗೆ ಕೊಟ್ಟು ಹಿಂಭಾಗ ಮೇಲೆತ್ತಿದ್ದು, ತಳದ ಮರಳಿನಲ್ಲಿ ಮಲಗಿದ್ದು. ಪಿಟೀಲು ಹಿಡಿದ ವಾದ್ಯಗಾರರ ಗೊಂಬೆಗಳು, ಟೋಪಿ ಹಾಕಿದ ಕ್ಯಾಪ್ಟನ್ನುಗಳು, ಮಗುವನ್ನು ಅವುಚಿಕೊಂಡ ತಾಯಂದಿರು. ಉಗುರಿನಷ್ಟು ಪುಟ್ಟ ಮುಖಗಳಲ್ಲೂ ಹೆದರಿಕೆ ಎದ್ದು ಕಾಣುತ್ತಿತ್ತು. ಇಷ್ಟು ಜನ ಒಟ್ಟಿಗೆ ಸಾಯುತ್ತಿರುವ ಕೋಣೆಯಲ್ಲಿ ಈ ಮನುಷ್ಯ ದಿನಾ ಹೇಗೆ ಕೂರುತ್ತಾರೋ ಎಂದುಕೊಂಡಳು.

ನಡುವಿನ ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ ಇದ್ದದ್ದು ಮಾತ್ರ ಇಡೀ ಹಡಗು. ಮನುಷ್ಯನೊಬ್ಬ ಪಕ್ಕದಲ್ಲಿ ಮಲಗಿದರೂ ಅದರ ಉದ್ದಕ್ಕೆ ಸಾಲಲಾರ.

"ಇದು ಅವನೂ ನಾನೂ ಸೇರಿ ಜೋಡಿಸಿದ್ದು. ಶಾಲೆಗೆ ಹೋಗುವಾಗ ಶುರು ಮಾಡಿದ್ದು, ಕಾಲೇಜಿಗೆ ಹೋಗುವಾಗ ಮುಗೀತು," ಎಂದರು ಶೆಟ್ಟರು. "ಅವ ಹೋದ ಮೇಲೆ ಡೆಕ್ಕಿನ ಮೇಲೆ, ಈ ವಾದ್ಯದವರ ಪಕ್ಕ, ಅವನನ್ನು ನಿಲ್ಲಿಸಿದೆ."

ಅದೇ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಗೊಂಬೆ ಎಲ್ಲರಿಗೂ ಬೆನ್ನು ಹಾಕಿ ನಿಂತಿತ್ತು.

"ಇವ ಎಂತ ತಪ್ಪು ಮಾಡಿದ್ದಾನೆ?"

"ಅವ ದೋಣಿ ಹತ್ತಿದವ." ಶೆಟ್ಟರ ದನಿ ಗಟ್ಟಿಯಾಯಿತು. "ಹೆಂಗಸರು, ಮಕ್ಕಳು ನೀರಿಗೆ ಬೀಳುವಾಗ ತಾನು ದೋಣಿಯಲ್ಲಿ ಜಾಗ ಹಿಡಿದು ಕೂತವ. ಅಂಥವನ ಮುಖ ನೋಡಬಾರದು. ಉಜ್ವಲನಿಗೆ ಸಣ್ಣದರಲ್ಲೇ ಹೇಳಿಕೊಟ್ಟಿದ್ದೆ, ಪಕ್ಕದವನನ್ನು ಬಿಟ್ಟು ಬದುಕಿ ಬಂದವನಿಗೆ ಈ ಮನೆಯಲ್ಲಿ ಅನ್ನ ಇಲ್ಲ ಅಂತ. ಅವ ನನ್ನ ಮಾತು ಉಳಿಸಿದ. ಬೆಳುವಾಯಿಯ ಅಶೋಕ್ ಅಂತ ಒಬ್ಬ ಇದ್ದ ಅದೇ ಹಡಗಿನಲ್ಲಿ, ಅವನ ಜೀವದ ಗೆಳೆಯ. ಇಬ್ಬರೂ ಒಟ್ಟಿಗೆ ಹೋದ್ರು. ಬಿಟ್ಟು ಬರ್ಲಿಲ್ಲ ನೋಡಿ."

ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿತು. ಅದು ಹೆಮ್ಮೆಯ ನೀರೋ ದುಃಖದ ನೀರೋ ಎಂದು ಕೇಳಿದ್ದರೆ ಅವರಿಗೂ ಹೇಳಲು ಆಗುತ್ತಿರಲಿಲ್ಲ.

ನಿಖಿತಾ ಬೀಗ ನೋಡಿದಳು. ಗೀರಿಲ್ಲ, ಒಡೆದಿಲ್ಲ. ಪಕ್ಕದಲ್ಲೇ ಇದ್ದ ಬೆಳ್ಳಿಯ ಪುಟ್ಟ ಹಡಗು ಕೂಡ ಅಲ್ಲಾಡಿಲ್ಲ.

"ಬೀಗದ ಕೈ?"

"ಒಂದು ನನ್ನ ಹತ್ರ, ಇನ್ನೊಂದು ನನ್ನ ಹೆಂಡತಿ ಕಾಂತಿಯ ಹತ್ರ. ರಂಜಿತ್ ಇದನ್ನು ಮುಟ್ಟುವುದೇ ಇಲ್ಲ. ಈ ಮದುವೆ ಆಗದಿದ್ರೆ ಅವನ ಮದುವೆಯೇ ನಿಲ್ತದೆ, ಅವ ಯಾಕೆ ಕದೀತಾನೆ?" ಶೆಟ್ಟರು ಏನೋ ನೆನಪಾದವರಂತೆ ತಲೆ ಕೆರೆದರು. "ಒಂದು ಸಂಗತಿ ಉಂಟು. ಎರಡು ವರ್ಷದಿಂದ ಆಗಾಗ ನನ್ನ ಉಜ್ವಲ್ ಜಾಗ ಬದಲಿಸ್ತಾನೆ. ಡೆಕ್ಕಿನ ಮೇಲೆ ನಿಲ್ಲಿಸಿದ್ರೆ ಒಂದು ವಾರಕ್ಕೆ ದೋಣಿಯಲ್ಲಿ ಕೂತಿರ್ತಾನೆ. ನಾನು ಪುನಃ ಡೆಕ್ಕಿಗೆ ತರ್ತೇನೆ. ಪುನಃ ದೋಣಿಯಲ್ಲಿ. ಕೆಲಸದವಳು ಧೂಳು ಹೊಡೆಯುವಾಗ ಆಚೀಚೆ ಮಾಡ್ತಾಳೋ ಏನೋ."

"ಕೆಲಸದವಳಿಗೆ ಬೀಗದ ಕೈ ಕೊಡ್ತೀರಾ?"

"ಇಲ್ಲಪ್ಪ," ಎಂದರು ಶೆಟ್ಟರು.

ಅಷ್ಟರಲ್ಲಿ ಕಾಂತಿ ಚಹಾ ತಂದರು. ಎಲ್ಲಿಗೋ ಹೊರಟವರಂತೆ ಸೀರೆ ಉಟ್ಟಿದ್ದರು. ಮದುಮಗಳ ಸೀರೆ, ಬಳೆ ಒಪ್ಪಿಸಲು ರಂಜಿತನ ಜೊತೆ ನಾರಾವಿಗೆ ಹೋಗಬೇಕಿತ್ತು. ನಿಖಿತಾ ಲೋಟ ತೆಗೆದುಕೊಳ್ಳುತ್ತಾ ಕೇಳಿದಳು. "ಅಮ್ಮಾ, ನಿಮ್ಮ ಹತ್ರ ಇರುವ ಬೀಗದ ಕೈ ಒಮ್ಮೆ ತೋರಿಸ್ತೀರಾ?"

ಕಾಂತಿ ಸೊಂಟದಿಂದ ಗೊಂಚಲು ಬಿಚ್ಚಿ ಕೊಟ್ಟರು. ಗಾಜಿನ ಪೆಟ್ಟಿಗೆಯ ಕಡೆ ತಪ್ಪಿಯೂ ನೋಡಲಿಲ್ಲ. ಮಗನ ಗೊಂಬೆ ಕಾಣೆಯಾದ ತಾಯಿ ಆ ಖಾಲಿ ಜಾಗವನ್ನು ಒಮ್ಮೆಯಾದರೂ ನೋಡುತ್ತಾಳೆ. ಇವರು ನೋಡಿದ್ದು ಗಂಡನನ್ನು, ಅದೂ ಮಾಡಬಾರದ್ದು ಮಾಡಿದವರ ನೋಟ. ನಿಖಿತಾ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಅವಳು ಬದಲಿ ಗೊಂಬೆಯನ್ನು ಮತ್ತೆ ಎತ್ತಿಕೊಂಡಳು. ಬಣ್ಣ ಹೊಸದು, ತೋಳಿನ ಕೆಳಗೆ ತಾಗದೆ ಉಳಿದ ಬಿಳಿ ಕಾಣುತ್ತಿತ್ತು. ಪಾದದ ಅಡಿಯಲ್ಲಿ ಸೂಜಿಮೊನೆಯಷ್ಟು ತೂತು. ಹಡಗಿನ ಮೇಲಿನ ಬೇರೆ ಯಾರಿಗೂ ಆ ತೂತು ಇರಲಿಲ್ಲ, ಅವರೆಲ್ಲ ಎತ್ತಿದರೆ ಬಿಡುವ ಮೆತ್ತನೆಯ ಅಂಟಿನ ಮೇಲೆ ನಿಂತವರು. ಫೋಟೋ ತೆಗೆದು ಮೂಡುಬಿದಿರೆಯಲ್ಲಿ ಕರಕುಶಲ ಸಾಮಾನಿನ ಅಂಗಡಿ ಇಟ್ಟ ಅಝೀಮನಿಗೆ ಕಳಿಸಿದಳು. ಅವನು ಬರೆಯುವ ತಾಪತ್ರಯ ಇಟ್ಟುಕೊಳ್ಳದೆ ನೇರ ಫೋನೇ ಮಾಡಿದ.

"ಇದು ಹಡಗಿನ ಜನ ಅಲ್ಲ ಮಾರಾಯ್ರೆ! ಬಿಲ್ಡರ್‌ನವರು ಫ್ಲ್ಯಾಟ್ ಮಾರುವಾಗ ಮುಂದೆ ಒಂದು ಪುಟ್ಟ ಕಟ್ಟಡ ಮಾಡಿ ಇಡ್ತಾರಲ್ಲ, ಅದರ ಅಂಗಳದಲ್ಲಿ ನಿಲ್ಲುವವರು. ಪಿನ್ನು ಚುಚ್ಚಿ ನಿಲ್ಲಿಸ್ಲಿಕ್ಕೆ ತೂತು. ಬಿಳೀ ಬರ್ತದೆ, ಬಣ್ಣ ನಾವು ಹಾಕ್ಬೇಕು. ನನ್ನ ಹತ್ರ ಅದನ್ನು ತಗೊಳ್ಳುವವರು ಒಬ್ರೇ, ಬಸದಿ ರಸ್ತೆಯ ಸಾತ್ವಿಕಾ."

* * *

ಸಾತ್ವಿಕಾಳ ಕೆಲಸದ ಕೋಣೆ ಒಂದು ಜವಳಿ ಅಂಗಡಿಯ ಮೇಲಿತ್ತು. ಆಟಿಯ ಬಿಸಿಲು ಕಿಟಕಿಯಿಂದ ನೇರ ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ತುಂಬ ಅರ್ಧ ಕಟ್ಟಿದ ಒಂದು ವಸತಿ ಸಮುಚ್ಚಯ, ಬೆಂಕಿಕಡ್ಡಿಯಷ್ಟು ಮರಗಳು, ಈಜುಕೊಳದ ನೀಲಿ ಕಾಗದ, ಅಂಗಳದಲ್ಲಿ ಅಡ್ಡಾಡುವ ಬಿಳೀ ಜನ. ಮೂವತ್ತರ ಆಸುಪಾಸಿನ ಸಾತ್ವಿಕಾ ಅಂಟು ಹಿಡಿದ ಬೆರಳು ಒರೆಸಿಕೊಳ್ಳುತ್ತಾ ಎದ್ದು ನಿಂತಳು.

"ಫ್ಲ್ಯಾಟ್ ನೋಡ್ಲಿಕ್ಕೆ ಬಂದದ್ದಾ?"

"ಹೌದು," ಎಂದಳು ನಿಖಿತಾ. ನೋಡುತ್ತಲೇ ಇದ್ದಳು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಇಬ್ಬರು ನಿಂತಿದ್ದರು. ಒಬ್ಬಳು ಬಿಳೀ ಹೆಂಗಸು. ಪಕ್ಕದಲ್ಲಿ ನೀಲಿ ಅಂಗಿಯ ಗಂಡಸು, ಬಲಗೈ ಬಾಲ್ಕನಿಯ ಕಂಬಿಯ ಮೇಲೆ. ಇಡೀ ಕಟ್ಟಡದಲ್ಲಿ ಬಣ್ಣವಿದ್ದವನು ಅವನೊಬ್ಬನೇ.

"ಈ ಮನೆ ಆಗ್ಲೇ ಮಾರಾಟ ಆದಂತೆ ಕಾಣ್ತದೆ."

ಸಾತ್ವಿಕಾ ಅವಳ ಬೆರಳಿನ ಜಾಡು ಹಿಡಿದು ನೋಡಿದಳು. ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತಳು.

"ನಾನೇ ಕದ್ದದ್ದು. ಪೊಲೀಸರಿಗೆ ಹೇಳಿ, ಅಡ್ಡಿ ಇಲ್ಲ. ಗೊಂಬೆ ಮಾತ್ರ ಕೊಡುವುದಿಲ್ಲ."

"ಯಾಕೆ?"

"ಅವ ನನ್ನವ." ಹೇಳಿದವಳೇ ತಾನೇ ನಕ್ಕಳು, ನಗುವಿನ ನಡುವೆಯೇ ಅತ್ತಳು. "ನನ್ನವ ಅಂತ ಹೇಳ್ಲಿಕ್ಕೂ ನನಗೆ ಹಕ್ಕು ಇಲ್ಲ. ಅವನದ್ದೂ ನನ್ನದೂ ಒಂದೇ ಬರಿ, ತಾಯಿ ಕಡೆಯ ಗೋತ್ರ. ಗೊತ್ತುಂಟಲ್ಲ, ಒಂದೇ ಬರಿಯವರು ಹುಟ್ಟಿನಿಂದಲೇ ಅಣ್ಣ ತಂಗಿ. ಮುಖ ಪರಿಚಯ ಇಲ್ಲದಿದ್ರೂ ಅಣ್ಣ ತಂಗಿ. ಯಾರಿಗೆ ಹೇಳುವುದು? ಅವ ಬದುಕಿದ್ರೆ ನನಗೆ ಅಣ್ಣನ ಲೆಕ್ಕ, ಸತ್ರೆ ನಾರಾವಿಯವಳ ಗಂಡ. ನನಗೆ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ ಅವ."

ನಿಖಿತಾ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. ಈ ಕೆಲಸದಲ್ಲಿ ಅಳುವವರನ್ನು ಬೇಕಾದಷ್ಟು ನೋಡಿದ್ದಳು, ಹೆಚ್ಚಿನವರು ಕಣ್ಣೀರಿನ ಸಂದಿಯಿಂದ ಅವಳ ಮುಖ ಓದುತ್ತಿದ್ದವರು. ಈ ಹುಡುಗಿ ಹಾಗಲ್ಲ. ಆದರೂ ಇವಳ ತಪ್ಪೊಪ್ಪಿಗೆಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿತ್ತು.

"ಸಾತ್ವಿಕಾ, ನೀವು ಶೆಟ್ಟರ ಮಹಡಿ ಹತ್ತಿದ್ದೀರಾ?"

"ಹೌದು."

"ದೊಡ್ಡ ಹಡಗಿನ ಪೆಟ್ಟಿಗೆಯ ಬೀಗ ಎಲ್ಲಿ ಉಂಟು? ಮೇಲೆಯಾ, ಬದಿಯಲ್ಲಾ?"

"ಮೇಲೆ... ಅಲ್ಲ, ಬದಿಯಲ್ಲಿ," ಎಂದಳು ಸಾತ್ವಿಕಾ.

"ನೀವು ಆ ಮನೆಗೆ ಕಾಲೇ ಇಟ್ಟಿಲ್ಲ. ಗೊಂಬೆ ನಿಮಗೆ ತಂದುಕೊಟ್ಟವರು ಬೇರೆ. ಬದಲಿಗೆ ನೀವೊಂದಕ್ಕೆ ಬಣ್ಣ ಹಾಕಿ ಕೊಟ್ರಿ. ಯಾರಿಗೂ ಗೊತ್ತಾಗದೆ ಮದುವೆ ಮುಗಿಯಲಿ, ಮಣೆಯ ಮೇಲೆ ಇವನು ಮಾತ್ರ ಕೂರದಿರಲಿ ಅಂತ. ನೀವು ಕದಿಯುವುದಿದ್ರೆ ಮದುವೆಯನ್ನೇ ನಿಲ್ಲಿಸ್ತಿದ್ರಿ. ಇದು ಮದುವೆಯೂ ಆಗ್ಬೇಕು, ಹುಡುಗನೂ ಉಳೀಬೇಕು ಅನ್ನುವವರ ಉಪಾಯ. ಎರಡು ಗಂಡು ಮಕ್ಕಳ ತಾಯಿಯ ಉಪಾಯ." ನಿಖಿತಾ ದನಿ ತಗ್ಗಿಸಿದಳು. "ಕಾಂತಿಯಮ್ಮ ಎರಡು ವರ್ಷದಿಂದ ಮಗನನ್ನು ಡೆಕ್ಕಿನಿಂದ ಎತ್ತಿ ದೋಣಿಯಲ್ಲಿ ಕೂರಿಸ್ತಿದ್ದಾರೆ. ಎರಡು ವರ್ಷದ ಹಿಂದೆ ಎಂತ ಆಯ್ತು?"

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಬಾರಿಸುತ್ತಾ ಹೋಯಿತು. ಸಾತ್ವಿಕಾ ಎದ್ದು ಕಿಟಕಿ ಮುಚ್ಚಿದಳು.

"ಅವ ಫೋನ್ ಮಾಡಿದ."

"ಉಜ್ವಲನಾ?" ನಿಖಿತಾ ಸ್ಟೂಲನ್ನು ಹತ್ತಿರ ಎಳೆದಳು.

"ಮೊದಲು ನನಗೆ ಮಾಡಿದ. ನಾನು ಅವನ ಅಮ್ಮನನ್ನು ಇಲ್ಲಿಗೆ ಕರೆಸಿ ಫೋನ್ ಕೈಗೆ ಕೊಟ್ಟೆ. ಅಮ್ಮ ಫೋನನ್ನು ಎದೆಗೆ ಒತ್ತಿ ಹಿಡಿದ್ರು, ಕಿವಿಗೆ ಇಡಲೇ ಇಲ್ಲ ಎಷ್ಟೋ ಹೊತ್ತು." ಸಾತ್ವಿಕಾ ಮೂಗು ಒರೆಸಿಕೊಂಡಳು. "ಹಡಗು ಮುಳುಗುವಾಗ ತೇಲುವ ತೆಪ್ಪ ಒಂದೇ ಬಿಡಿಸ್ಲಿಕ್ಕೆ ಆದದ್ದಂತೆ. ಉಜ್ವಲ್ ಹತ್ತಿದ. ಅಶೋಕ್ ನೀರಿನಲ್ಲಿದ್ದ, ಇವ ಅವನ ಕೈ ಹಿಡಿದಿದ್ದ. ತೆಪ್ಪ ಮಗುಚ್ಲಿಕ್ಕೆ ಹೊರಟಿತು. ಒಳಗಿದ್ದವರು ಬಿಡು ಬಿಡು ಅಂತ ಬೊಬ್ಬೆ ಹಾಕಿದ್ರು. ಇವ ಬಿಟ್ಟ."

ಅವನು ಯಾಕೆ ಮನೆಗೆ ಬರಲಿಲ್ಲವೆಂದು ಅವಳು ಹೇಳದೆಯೂ ನಿಖಿತಾಳಿಗೆ ತಿಳಿಯಿತು. ಪೆಟ್ಟಿಗೆಯ ಮೂಲೆಯಲ್ಲಿ ಎಲ್ಲರಿಗೂ ಬೆನ್ನು ಹಾಕಿ ನಿಂತ ಗೊಂಬೆ ಕಣ್ಣ ಮುಂದೆ ಬಂತು. ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ ಪಾಠವೇ ಮಗನ ಮನೆಯ ಬಾಗಿಲು ಹಾಕಿತ್ತು. ಉಳಿದದ್ದನ್ನು ಸಾತ್ವಿಕಾ ಹೇಳಿದಳು. ಮೀನು ಹಿಡಿಯುವವರು ಅವನನ್ನು ಎತ್ತಿ ಯಾವುದೋ ದಡಕ್ಕೆ ಹಾಕಿದರಂತೆ. ಅಲ್ಲೇ ಹೆಸರು ಬದಲಿಸಿ, ಹೋಟೆಲುಗಳಲ್ಲಿ ಪಾತ್ರೆ ತೊಳೆದು ಬದುಕಿದ್ದನಂತೆ. ಅಪ್ಪನಿಗೆ ಹೇಳಿದರೆ ಇನ್ನೆಂದೂ ಫೋನ್ ಮಾಡುವುದಿಲ್ಲ ಎಂದು ತಾಯಿಯಿಂದ ಆಣೆ ಹಾಕಿಸಿಕೊಂಡಿದ್ದ. ಆ ತಾಯಿ ಎರಡು ವರ್ಷ ಒಂದೇ ಸೂರಿನ ಕೆಳಗೆ ಗಂಡನ ಅಳು ಕೇಳುತ್ತಾ, ಒಂದು ಮಾತಿನಲ್ಲಿ ಅದನ್ನು ನಿಲ್ಲಿಸಬಹುದೆಂದು ತಿಳಿದೂ ಬಾಯಿ ಕಟ್ಟಿಕೊಂಡಿದ್ದರು. ನಿಖಿತಾಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಅದು ಹಾಗೇ ದುಃಖವಾಯಿತು.

"ಮದುವೆಯ ಸಂಗತಿ ಬಂದಾಗ ಅಮ್ಮ ನಡುಗಿಹೋದ್ರು," ಎಂದಳು ಸಾತ್ವಿಕಾ. "ಬದುಕಿರುವವನ ಕೈಯನ್ನು ಸತ್ತವಳ ಕೈಯಲ್ಲಿ ಇಟ್ರೆ ಅವಳು ಸುಮ್ಮನೆ ಬಿಡ್ತಾಳಾ? ಕರ್ಕೊಂಡು ಹೋಗ್ತಾಳೆ. ಗೊಂಬೆ ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದ್ರು. 'ನಿನ್ನ ಹತ್ರ ಇರಲಿ ಮಗಾ, ನೀನು ಇವನನ್ನು ನೀರಿನ ಹತ್ರ ಇಡಬೇಡ' ಅಂದ್ರು. ಅದಕ್ಕೆ ಮೂರನೇ ಮಹಡಿಯಲ್ಲಿ ನಿಲ್ಲಿಸಿದ್ದು."

"ಅವನಿಗೆ ಮದುವೆಯ ವಿಷಯ ಗೊತ್ತುಂಟಾ?"

"ಹೇಳಿದೆ. ಮೊದಲು ನಗಾಡಿದ. ಆಮೇಲೆ, 'ಸಾಕು ಸಾತ್ವಿಕಾ, ನಾನು ಬಂದು ಅಪ್ಪನ ಕಾಲಿಗೆ ಬೀಳ್ತೇನೆ. ಅಶೋಕನ ಕೈ ಬಿಟ್ಟದ್ದು ನಾನು ಅಂತ ಹೇಳ್ತೇನೆ. ಹೊಡೀಲಿ, ಉಗೀಲಿ' ಅಂದ. ಇವತ್ತು ಬೆಳಿಗ್ಗೆ ಇಲ್ಲಿಗೆ ಬರ್ಬೇಕಿತ್ತು. ಒಟ್ಟಿಗೆ ಬಂಟ್ವಾಳಕ್ಕೆ ಹೋಗುವ ಅಂತ ಮಾತಾಗಿತ್ತು. ಇನ್ನೂ ಬರ್ಲಿಲ್ಲ. ಫೋನು ಸ್ವಿಚ್ ಆಫ್."

ನಿಖಿತಾ ಬಾಲ್ಕನಿಯ ಗೊಂಬೆಯ ಕಡೆ ನೋಡಿದಳು. ಇದನ್ನು ತೆಗೆದುಕೊಂಡು ಹೋಗಿ ಶೆಟ್ಟರ ಕೈಗಿಟ್ಟರೆ ಒಪ್ಪಿಕೊಂಡ ಕೆಲಸ ಮುಗಿಯುತ್ತದೆ. ತೆಗೆದುಕೊಂಡು ಹೋಗದೆ ಸತ್ಯ ಹೇಳಿದರೆ ಆ ಮುದುಕನಿಗೆ ಮಗ ಸಿಗುತ್ತಾನೆ, ಏಳು ವರ್ಷ ಪೂಜಿಸಿದ ಮಗ ಹೋಗುತ್ತಾನೆ.

ಅವಳ ಫೋನು ಮೊಳಗಿತು. ಶೆಟ್ಟರೇ. ಸಾತ್ವಿಕಾ ಅವಳ ತೋಳು ಹಿಡಿದಳು. ನಿಖಿತಾ ಸ್ಪೀಕರ್ ಒತ್ತಿದಳು.

"ಅಮ್ಮಾ!" ಶೆಟ್ಟರು ಅಳುತ್ತಿದ್ದರು, ಆದರೆ ಅದು ಸಂತೋಷದ ಅಳು. "ಇನ್ನು ಗೊಂಬೆ ಸಿಗದಿದ್ರೂ ಅಡ್ಡಿ ಇಲ್ಲ. ಅವನೇ ಬಂದಿದ್ದ!"

"ಯಾರು?"

"ನನ್ನ ಉಜ್ವಲ್! ಕಾಂತಿ, ರಂಜಿತ್ ನಾರಾವಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ನಡು ಮಧ್ಯಾಹ್ನ. ಬಂದು ಜಗಲಿಯ ಹತ್ರ ನಿಂತ. ಗಡ್ಡ ಬೆಳೆದು, ಸೊರಗಿ, ಅಯ್ಯೋ, ಗುರ್ತು ಸಿಗುವುದಿಲ್ಲ ಅಮ್ಮ. ಏಳು ವರ್ಷ ನೀರಿನಲ್ಲಿದ್ದವ ಅಲ್ವಾ. 'ಅಪ್ಪಾ' ಅಂತ ಕರೆದ. ಕುಲೆ ಕರೆದ್ರೆ ಓಗೊಡಬಾರದು. ಕರುಳು ಕಿತ್ತು ಬಂತು, ಆದ್ರೂ ನಾನು ಬಾಯಿ ಬಿಡ್ಲಿಲ್ಲ. ಆಟಿಯಲ್ಲಿ ಹಸಿದು ಬರ್ತಾರೆ ಅವರು. ಎಲೆ ತಂದು ಜಗಲಿಯಲ್ಲಿ ಹಾಕಿದೆ. ಅನ್ನ, ಹುರುಳಿ ಸಾರು, ಅವನಿಗೆ ಇಷ್ಟದ ಒಣಮೀನಿನ ಚಟ್ನಿ. ಬಡಿಸಿ ಬಾಗಿಲು ಹಾಕಿದೆ. ನಾವು ನೋಡ್ತಾ ನಿಂತ್ರೆ ಅವರು ಉಣ್ಣುವುದಿಲ್ಲ."

ಸಾತ್ವಿಕಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಬಾಗಿಲು ಬಡಿದ ಅಮ್ಮ. ಅಪ್ಪಾ, ಒಂದು ಮಾತು ಹೇಳ್ಲಿಕ್ಕೆ ಉಂಟು ಅಂದ. ಆಗ ತಡೀಲಿಕ್ಕೆ ಆಗ್ಲಿಲ್ಲ. ಒಳಗಿನಿಂದಲೇ ಹೇಳಿದೆ, ಉಂಡು ಹೋಗು ಮಗಾ, ನಾಳೆ ಬಾ, ನಿನ್ನ ಮದುವೆ ಉಂಟು. ಅಶೋಕನನ್ನು ಬಿಟ್ಟು ದೋಣಿ ಹತ್ತದೆ ನಿಂತವ ನೀನು, ನಿನ್ನ ಅಪ್ಪ ಅಂತ ಹೇಳಿಕೊಳ್ಳಲಿಕ್ಕೆ ನನಗೆ ಹೆಮ್ಮೆ ಉಂಟು ಅಂದೆ. ಮತ್ತೆ ಅವ ಬಾಗಿಲು ಬಡೀಲಿಲ್ಲ."

"ಶೆಟ್ರೇ, ಈಗ ಅವನು ಎಲ್ಲಿ?" ನಿಖಿತಾ ಎದ್ದು ನಿಂತು ಗಾಡಿಯ ಕೀ ಹುಡುಕುತ್ತಿದ್ದಳು.

"ಈಗಷ್ಟೇ ಬಾಗಿಲು ತೆಗೆದೆ. ಹೋಗಿದ್ದಾನೆ. ಎಲೆ ಖಾಲಿ ಅಮ್ಮ! ಒಂದು ಅಗುಳು ಬಿಡ್ಲಿಲ್ಲ. ನನ್ನ ಮಗ ಉಂಡ. ಏಳು ವರ್ಷದ ಮೇಲೆ ನನ್ನ ಕೈಯಿಂದ..."

ಮಾತು ಅಲ್ಲಿಗೆ ನಿಂತಿತು. ಶೆಟ್ಟರು ನಡೆಯುವ ಸದ್ದು ಕೇಳಿಸಿತು, ಎರಡು ಮೆಟ್ಟಿಲು ಇಳಿದ ಸದ್ದು. ಆಮೇಲೆ ಬರೀ ಉಸಿರು.

"ಶೆಟ್ರೇ?"

"ಅಮ್ಮಾ." ದನಿ ಬೇರೆಯೇ ಆಗಿತ್ತು. "ಇಲ್ಲಿ ಮೆಟ್ಟಿಲ ಹತ್ರ ಒಂದು ಜೊತೆ ಚಪ್ಪಲಿ ಉಂಟು. ಕೆಸರು ಇನ್ನೂ ಹಸಿ ಉಂಟು."

ನಿಖಿತಾ ಕೀ ಎತ್ತಿಕೊಂಡು ಬಾಗಿಲ ಕಡೆ ಓಡಿದಳು.

"ಬರಿಗಾಲಿನ ಹೆಜ್ಜೆ ಉಂಟು. ಗೇಟಿನ ಕಡೆ ಹೋಗ್ಲಿಲ್ಲ. ಹಿಂದಿನಿಂದ ಹೊಳೆಗೆ ಇಳಿದಿದೆ." ಶೆಟ್ಟರು ಏದುಸಿರು ಬಿಡುತ್ತಿದ್ದರು. "ನೀವು ಯಾಕೆ ಮಾತಾಡುವುದಿಲ್ಲ ಅಮ್ಮ? ಹೇಳಿ. ನಾನು ಯಾರಿಗೆ ಬಾಗಿಲು ಹಾಕಿದೆ?"